ಪೆಟ್ಟಿಗೆಗೆ ಕೊಟ್ಟ ಅಕ್ಕಿಕಾಳು

ಇವತ್ತು ಮಾಡಿದ ಕೆಲಸಗಳು ಇವು. ಬೆಳಿಗ್ಗೆ ಎಂಟಕ್ಕೆ ಆಫೀಸಿನ ಬಾಗಿಲು ತೆರೆದೆ. ಗೋಡೆಯ ಗಡಿಯಾರಕ್ಕೆ ಕೀಲಿ ಕೊಟ್ಟೆ. ಕುಡಿಯುವ ನೀರಿನ ಗಡಿಗೆ ತೊಳೆದು ತುಂಬಿಸಿದೆ. ಟೆಲಿಫೋನಿನ ಬ್ಯಾಟರಿಯ ಗಾಜಿನ ಭರಣಿಗಳಲ್ಲಿ ನೀರು ಇಳಿದಿತ್ತು, ಹಾಕಿದೆ. ಚಿಟಿಕೆ ನವಸಾಗರವನ್ನೂ ಹಾಕಿದೆ. ಲೈನುಗಳನ್ನು ಕೂಡಿಸುವ ಪೆಟ್ಟಿಗೆಯ ಐದು ಕಣ್ಣುಗಳನ್ನು ಒಣ ಅರಿವೆಯಿಂದ ಒರೆಸಿದೆ. ಮೂರನೆಯ ಹುರಿಯ ಹೊದಿಕೆ ಬಿಚ್ಚಿಕೊಂಡಿತ್ತು, ಮೇಣ ಹಚ್ಚಿದ ದಾರದಿಂದ ಸುತ್ತಿ ಬಿಗಿದೆ. ಎರಡು ಕರೆ ತೆಗೆದುಕೊಂಡೆ. ಮಧ್ಯಾಹ್ನ ಕನ್ನಡಕ ಹಾಕಿಕೊಂಡು, ಹೆಂಡತಿಯ ಹೊಲಿಗೆ ಸೂಜಿಯಿಂದ ಪೆಟ್ಟಿಗೆಯ ತೂತುಗಳೊಳಗೆ ಬಿದ್ದಿದ್ದ ಅಕ್ಕಿಕಾಳುಗಳನ್ನು ಒಂದೊಂದಾಗಿ ತೆಗೆದೆ. ಹದಿನಾಲ್ಕು ಸಿಕ್ಕವು. ಎರಡು ಇನ್ನೂ ಒಳಗೇ ಇವೆ, ಅಲ್ಲಾಡಿಸಿದರೆ ಸಪ್ಪಳ ಬರುತ್ತದೆ.

ಈ ಕೊನೆಯ ಕೆಲಸ ಟೆಲಿಫೋನ್ ನೋಡಿಕೊಳ್ಳುವವನ ಕೆಲಸವಲ್ಲ ಎಂದು ನೀವು ಅನ್ನಬಹುದು. ಖರೆ. ಆದರೆ ಇವತ್ತು ಅದನ್ನು ಮಾಡುವಾಗ ಸಿಕ್ಕಷ್ಟು ಸಮಾಧಾನ ನನಗೆ ಬಹಳ ದಿನಗಳಿಂದ ಯಾವ ಕೆಲಸದಲ್ಲಿಯೂ ಸಿಕ್ಕಿರಲಿಲ್ಲ.

ನಾನು ಹಿರೇಕೆರೂರಿನ ಒಬ್ಬ ಹತ್ತಿ ಸಾಹುಕಾರರ ಆಫೀಸಿನಲ್ಲಿ ಕಾರಕೂನ. ಕಾಗದಪತ್ರ ಬರೆಯಲೆಂದು ಸೇರಿದವನು. ಯುದ್ಧಕ್ಕಿಂತ ಮುಂಚೆ ಸಾಹುಕಾರರು ಸರ್ಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಹಾಕಿ ಟೆಲಿಫೋನ್ ತರಿಸಿದರು. ಅದರ ಜೊತೆಗೆ ಈ ಪೆಟ್ಟಿಗೆಯೂ ಬಂತು. ಪೆಟ್ಟಿಗೆಯ ಮುಂದೆ ಕೂರಲು ಯಾರೂ ಮುಂದಾಗಲಿಲ್ಲ. ಕರೆಂಟು ಹೊಡೆಯುತ್ತದೆ ಎಂದು ಒಬ್ಬರು, ಕಿವಿ ಹೋಗುತ್ತದೆ ಎಂದು ಇನ್ನೊಬ್ಬರು. ನನ್ನ ಕುರ್ಚಿ ಅದಕ್ಕೆ ಎಲ್ಲರಿಗಿಂತ ಹತ್ತಿರವಿತ್ತು. ಅಷ್ಟೇ ನನ್ನ ಅರ್ಹತೆ. ಅಂದಿನಿಂದ ಪೇಟೆಯಲ್ಲಿ ನಾನು ಫೋನ್ ಈರಪ್ಪ. ಕಾಗದ ಬರೆಯುವಾಗ ನನ್ನ ಅಕ್ಷರ ಮುತ್ತಿನಂತಿತ್ತು ಎಂಬುದು ಈಗ ನನಗೊಬ್ಬನಿಗೇ ನೆನಪು.

ಪೆಟ್ಟಿಗೆ ನೋಡಲು ಒಂದು ಸಣ್ಣ ಕಪಾಟಿನ ಹಾಗಿದೆ. ಮೇಲೆ ಸಾಲಾಗಿ ಐದು ಹಿತ್ತಾಳೆಯ ರೆಪ್ಪೆ. ಯಾರಾದರೂ ಆ ಕಡೆಯಿಂದ ಹಿಡಿಕೆ ತಿರುಗಿಸಿದರೆ ಅವರ ರೆಪ್ಪೆ ಟಪ್ ಎಂದು ಕೆಳಗೆ ಬೀಳುತ್ತದೆ. ನಾವು ಅದನ್ನು ಕಣ್ಣು ಬಿತ್ತು ಎನ್ನುತ್ತೇವೆ. ಪ್ರತಿ ಕಣ್ಣಿನ ಕೆಳಗೂ ಒಂದು ತೂತು. ಮೊದಲನೆಯದು ದೊಡ್ಡ ಲೈನು. ಹಾವೇರಿಯ ಮೇಲಿಂದ ಹುಬ್ಬಳ್ಳಿ, ಮುಂಬೈ ಎಲ್ಲಾ ಬರುವುದು ಅದರಲ್ಲಿ. ಎರಡನೆಯದು ಸಾಹುಕಾರರ ಕೋಣೆ, ಮೂರನೆಯದು ಅವರ ಮನೆ, ನಾಲ್ಕನೆಯದು ಅರಳೆ ಹಿಂಜುವ ಕಾರ್ಖಾನೆ. ಐದನೆಯದು ಹಂಸಭಾವಿಯಲ್ಲಿರುವ ನಮ್ಮ ವಖಾರ, ಹತ್ತಿ ಕೂಡಿ ಹಾಕುವ ಜಾಗ. ತುದಿಯಲ್ಲಿ ಹಿತ್ತಾಳೆ ಕಡ್ಡಿ ಇರುವ ಜೋಡಿ ಹುರಿಗಳು ಕೆಳಗೆ ಜೋತು ಬಿದ್ದಿರುತ್ತವೆ. ಕರೆದವರ ತೂತಿಗೆ ಒಂದು ಕಡ್ಡಿ, ಬೇಕಾದವರ ತೂತಿಗೆ ಇನ್ನೊಂದು. ನಾನು ಕೇಳಬೇಕಾದರೆ ಹುರಿಯ ಮುಂದಿನ ಸಣ್ಣ ಕೀಲಿಯನ್ನು ಒತ್ತಬೇಕು, ಕೇಳಬಾರದಾದಾಗ ಎತ್ತಬೇಕು.

ಇದನ್ನೆಲ್ಲ ಕಲಿಸಿದವರು ಸವಣೂರಿನ ಖಾದರಸಾಬರು. ಪೆಟ್ಟಿಗೆ ಕೂರಿಸಲು ಬಂದು ನಾಲ್ಕು ದಿನ ಇದ್ದರು. ಬರುವಾಗ ತಮ್ಮೂರ ವೀಳ್ಯದೆಲೆಯ ಕಟ್ಟು ತಂದಿದ್ದರು. ಒಂದೊಂದು ಎಲೆ ಮಡಿಚುವಾಗಲೂ ಒಂದೊಂದು ಪಾಠ.

"ಈರಪ್ಪಾರ, ಈ ಪೆಟ್ಟಿಗಿಗೆ ಮೂರ ಕೆಲಸ ಬರ್ತಾವ್ರಿ. ಕೂಡಸೋದು, ತಡದು ಇಡೋದು, ದಾಟಸೋದು. ನಾಕನೇದು ನೀವ ಕಲೀಬೇಕು."

"ಏನ್ರಿ ಅದು?"

"ಕೇಳಿದ್ದನ್ನ ಮರಿಯೋದು."

ಕೂಡಿಸುವುದು ಸುಲಭ. ದಾಟಿಸುವುದು ಎಂದರೆ ಒಬ್ಬರ ಕೂಡ ಮಾತಾಡುತ್ತಿರುವವರನ್ನು ಇನ್ನೊಬ್ಬರ ಕಡೆ ಕಳಿಸುವುದು. ಕಡ್ಡಿ ಕಿತ್ತು ಬೇರೆ ತೂತಿಗೆ ಚುಚ್ಚಿದರೆ ಆಯಿತು. ತಡೆದು ಇಡುವುದೇ ಕಷ್ಟದ್ದು. ಕರೆದವರ ತೂತಿನಲ್ಲಿ ಕಡ್ಡಿ ಇರುತ್ತದೆ, ಹುರಿಯ ಇನ್ನೊಂದು ತುದಿ ಎಲ್ಲಿಗೂ ಸೇರದೆ ಖಾಲಿ ನೇತಾಡುತ್ತದೆ. ಆ ಕಡೆ ಒಬ್ಬ ಮನುಷ್ಯ ಕಿವಿಗೆ ಕೊಳವೆ ಹಿಡಿದು ನಿಂತಿರುತ್ತಾನೆ. ನಾನು "ತಡೀರಿ" ಅಂದಿರುತ್ತೇನೆ, ಅವನು ತಡೆದಿರುತ್ತಾನೆ. ಅಷ್ಟೇ. ಈ ಪೆಟ್ಟಿಗೆಯ ಮುಂದೆ ಕೂತ ಇಷ್ಟು ವರ್ಷಗಳಲ್ಲಿ ನಾನು ಹೆಚ್ಚು ಸಲ ಆಡಿದ ಮಾತು ಅದೊಂದೇ ಇರಬೇಕು. ಒಮ್ಮೆ ಮನೆಯಲ್ಲಿ ಹೆಂಡತಿ ಬಿಸಿ ರೊಟ್ಟಿ ಹಾಕಲು ಬಂದಾಗಲೂ "ತಡೀರಿ" ಅಂದಿದ್ದೆ. "ಅಯ್ಯ, ನನಗೂ ರೀ ಹಚ್ಚಿದ್ರಿ! ನಮ್ಮ ಶಿಗ್ಗಾಂವದಾಗ ಗೊತ್ತಾದ್ರ ನಗ್ತಾರ" ಎಂದು ಶಾಂತವ್ವ ರೊಟ್ಟಿ ಹಿಡಿದುಕೊಂಡೇ ನಕ್ಕಿದ್ದಳು.

ಮೊದಮೊದಲು ಟೆಲಿಫೋನಿನ ಮುಂದೆ ಜನ ನಡೆದುಕೊಳ್ಳುತ್ತಿದ್ದ ರೀತಿಯನ್ನು ಬರೆದರೆ ಒಂದು ಪುಸ್ತಕವಾದೀತು. ಹೊರಗೆ ಚಪ್ಪಲಿ ಬಿಟ್ಟು, ತಲೆಯ ಪಟಗ ಸರಿ ಮಾಡಿಕೊಂಡು ಬರುತ್ತಿದ್ದರು. ನಮ್ಮ ಹಿರಿಯ ಗುಮಾಸ್ತರು ದೂರಕ್ಕೆ ತಕ್ಕಂತೆ ದನಿ ಏರಿಸುತ್ತಿದ್ದರು. ಕಾರ್ಖಾನೆಗೆ ಮೆಲ್ಲಗೆ, ಹಂಸಭಾವಿಗೆ ಸ್ವಲ್ಪ ಜೋರಾಗಿ, ಹುಬ್ಬಳ್ಳಿಯಾದರೆ ಬಾವಿಯಲ್ಲಿ ಬಿದ್ದವರನ್ನು ಕರೆದ ಹಾಗೆ. ಸಾಹುಕಾರರ ಮನೆಯವರು ಗಂಡನ ಹೆಸರು ಹೇಳುವ ಹಾಗಿಲ್ಲ, "ಯಾರ ಬೇಕ್ರಿ ಅವ್ವಾರ?" ಎಂದು ನಾನು ಕೇಳುವ ಹಾಗೂ ಇಲ್ಲ. ಮೂರನೆಯ ಕಣ್ಣು ಬಿದ್ದರೆ ಸುಮ್ಮನೆ ಸಾಹುಕಾರರ ಕೋಣೆಗೆ ಕೂಡಿಸುತ್ತಿದ್ದೆ. ಒಮ್ಮೆ ಆ ತಾಯಿಗೆ ಬೇಕಾಗಿದ್ದವರು ಗುಮಾಸ್ತರು. ಗಂಡನಿಗೇ "ಹಾಗಲಕಾಯಿ ತಗೊಂಡು ಬರ್ರಿ" ಎಂದು ದಬಾಯಿಸಿ ಇಟ್ಟುಬಿಟ್ಟರಂತೆ. ಸಾಹುಕಾರರು ತಾವೇ ತಂದರು.

ನನ್ನನ್ನು ಕೇಳಿದರೆ, ನಾನು ಈ ಕೆಲಸ ಕಲಿತದ್ದು ಖಾದರಸಾಬರಿಂದ ಅಲ್ಲ. ಹಾನಗಲ್ಲಿನ ನಮ್ಮ ಹಳೆಯ ಮನೆಯ ಕಂಬದಿಂದ. ನಮ್ಮ ಅಪ್ಪ ಮತ್ತು ಅವನ ಅಕ್ಕ, ಅಂದರೆ ನಮ್ಮ ಅತ್ತಿ, ಒಂದೇ ಮನೆಯಲ್ಲಿದ್ದು ಮಾತು ಬಿಟ್ಟಿದ್ದರು. ಯಾಕೆ ಬಿಟ್ಟರು ಎಂಬುದು ಅವರಿಗೂ ಮರೆತಿತ್ತೋ ಏನೋ. ಉಪ್ಪಿನಕಾಯಿ ಭರಣಿ ಒಡೆದದ್ದು ಎಂದು ಒಬ್ಬರು ಹೇಳುತ್ತಿದ್ದರು. ಆದರೆ ಮನೆ ನಡೆಯಬೇಕಲ್ಲ. ಅಪ್ಪ ಊಟಕ್ಕೆ ಕೂತು ನಡುಮನೆಯ ಕಂಬಕ್ಕೆ ಹೇಳುತ್ತಿದ್ದ: "ಕಂಬಾ, ಇನ್ನೊಂದು ರೊಟ್ಟಿ ಬೇಕು." ಒಳಗಿನಿಂದ ಅತ್ತಿ ಅದೇ ಕಂಬಕ್ಕೆ: "ಕಂಬಾ, ಹಿಟ್ಟು ಮುಗದೇತಿ ಅಂತ ಹೇಳು. ಬೀಸಿಕೊಂಡು ಬಂದ್ರ ಬಡೀತೇನಿ." ಕಂಬ ಎರಡೂ ಕಡೆಯ ಮಾತು ಕೇಳಿ ಎರಡನ್ನೂ ಮರೆಯುತ್ತಿತ್ತು.

ನಾನೂ ನನ್ನ ತಮ್ಮ ಬಸಪ್ಪನೂ ಒಂದೇ ಕೌದಿ ಹೊದ್ದು ಅದರೊಳಗೆ ಮಲಗುವವರು. ದೊಡ್ಡವರ ಆಟವನ್ನು ನಾವು ಅಲ್ಲಿ ಆಡುತ್ತಿದ್ದೆವು. "ಕೌದೀ, ಈರಣ್ಣಗ ಕಾಲು ಆ ಕಡೆ ಸರಸು ಅಂತ ಹೇಳು" ಎಂದು ಅವನು. "ಕೌದೀ, ಬಸ್ಯಾನ ಕಾಲು ನಾರತಾವ ಅಂತ ಹೇಳು" ಎಂದು ನಾನು. ನಗು ತಡೆಯಲಾಗದೆ ಅವನು ಕೌದಿಯನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದ. ಮುಂದೊಂದು ದಿನ ನಮಗೂ ಒಂದು ಕಂಬ ಬೇಕಾದೀತು ಎಂದು ಆ ಕೌದಿಯೊಳಗೆ ಇಬ್ಬರಿಗೂ ಹೊಳೆದಿರಲಿಲ್ಲ.

ಬಸಪ್ಪನನ್ನು ಹಂಸಭಾವಿಯ ವಖಾರಕ್ಕೆ ಹಚ್ಚಿದವನು ನಾನೇ. ಸಾಹುಕಾರರಿಗೆ ಹೇಳಿ ಕೆಲಸ ಕೊಡಿಸಿದೆ. ನಮ್ಮ ಅವ್ವ ಅವನ ಮನೆಯಲ್ಲಿ ಇದ್ದಳು. ಅವನ ಮಗಳಿಗೆ ಅವಳದೇ ಹೆಸರು, ಗಂಗವ್ವ. ನಮಗೆ ಮಕ್ಕಳಿಲ್ಲ. ಆ ಹುಡುಗಿ ಸಣ್ಣವಳಿದ್ದಾಗ ವಖಾರದ ಫೋನಿನ ಹಿಡಿಕೆ ತಿರುಗಿಸಿ, ನಾನು "ಯಾರು?" ಅಂದರೆ "ದೊಡ್ಡಪ್ಪಾ, ನಾ ಬೆಕ್ಕು" ಎಂದು ಹೇಳಿ ಇಟ್ಟುಬಿಡುತ್ತಿದ್ದಳು.

ಎಂಟು ವರ್ಷದ ಹಿಂದಿನ ಮಾತು ಈಗ ಹೇಳಬೇಕು. ಹೇಳದೆ ಇಷ್ಟು ದೂರ ಸುತ್ತಾಡಿದೆ, ನೀವೂ ಗಮನಿಸಿರಬಹುದು.

ಅವ್ವನಿಗೆ ಮೈಯಲ್ಲಿ ನೆಟ್ಟಗಿರಲಿಲ್ಲ. ಅಷ್ಟು ಗೊತ್ತಿತ್ತು. ಹತ್ತಿಯ ಸುಗ್ಗಿ, ಮಧ್ಯಾಹ್ನ. ಐದನೆಯ ಕಣ್ಣು ಬಿತ್ತು. ಕಡ್ಡಿ ಚುಚ್ಚಿ ಕೀಲಿ ಒತ್ತಿದೆ. ಅದೇ ಗಳಿಗೆಗೆ ಮೊದಲನೆಯ ಕಣ್ಣೂ ಬಿತ್ತು, ಮುಂಬೈಯ ಟ್ರಂಕು, ಅಂದರೆ ದೂರದೂರಿನ ಕರೆ. ಟ್ರಂಕು ಬಂದರೆ ಉಳಿದದ್ದೆಲ್ಲ ತಡೆಯಬೇಕು ಎಂಬುದು ಆಫೀಸಿನ ಕಟ್ಟಳೆ. ನಾನು "ತಡೀರಿ" ಅಂದೆ. ಹಂಸಭಾವಿಯ ಹುರಿಯ ಇನ್ನೊಂದು ತುದಿ ಖಾಲಿ ನೇತಾಡಿತು. ಸಾಹುಕಾರರು ಕೋಣೆಯಲ್ಲಿರಲಿಲ್ಲ, ಮನೆಯಲ್ಲಿರಲಿಲ್ಲ. ಕಾರ್ಖಾನೆಯಲ್ಲಿ ಹುಡುಕಿಸಿ, ಕರೆತರಿಸಿ, ಮುಂಬೈಗೆ ಕೂಡಿಸಿ, ದಾರಿಯಲ್ಲಿ ಹಾವೇರಿಯವರು ಎರಡು ಸಲ ಕಡಿದು ಮತ್ತೆ ಕೂಡಿಸಿ, ಎಲ್ಲ ಮುಗಿದು ನಾನು ಐದನೆಯದಕ್ಕೆ ಮರಳಿದಾಗ ಅರ್ಧ ತಾಸಿನ ಹತ್ತಿರ ಆಗಿತ್ತು. ಆ ಕಡೆ ಯಾರೂ ಇರಲಿಲ್ಲ.

ಅವ್ವ ಕಡೆಗಳಿಗೆಯಲ್ಲಿದ್ದಾಳೆ ಎಂದು ಹೇಳಲು ಬಸಪ್ಪ ಮನೆಯಿಂದ ವಖಾರಕ್ಕೆ ಓಡಿ ಬಂದಿದ್ದ. ನಾನು ತಡೀರಿ ಅಂದದ್ದಕ್ಕೆ ನಿಂತೇ ಇದ್ದ. ಯಾರೋ ಬಂದು ಕೂಗಿದಾಗ ಓಡಿ ಹೋದ. ಅಷ್ಟರಲ್ಲಿ ಮುಗಿದಿತ್ತು. ಬಾಯಿಗೆ ನೀರು ಬಿಡಲು ಅವನೂ ಇರಲಿಲ್ಲ, ನಾನೂ ಇರಲಿಲ್ಲ. ಪಕ್ಕದ ಮನೆಯ ಹೆಣ್ಣುಮಗಳು ಬಿಟ್ಟಳಂತೆ.

ಮಣ್ಣು ಮಾಡಿ ಬಂದ ಮೇಲೆ ಕಟ್ಟೆಯ ಮೇಲೆ ಕೂತು ಬಸಪ್ಪ ಹೇಳಿದ: "ನೀ ತಡೀ ಅಂದಿ, ನಾ ತಡದೆ. ಅವ್ವ ತಡೀಲಿಲ್ಲ."

"ಫೋನಿನಾಗ ನೀ ಅಂತ ಗೊತ್ತಾಗ್ಲಿಲ್ಲೋ ಬಸಪ್ಪಾ. ಎಲ್ಲಾ ಗದ್ಲ ಇತ್ತು" ಅಂದೆ.

ಅವನು ನನ್ನ ಮುಖವನ್ನೇ ನೋಡಿದ. ಮುಂದೆ ಮಾತಾಡಲಿಲ್ಲ. ಅದೇ ಕೊನೆ.

ಕೂಡಿದ ಬಳಗದವರಿಗೂ ನಾನು ಅದನ್ನೇ ಹೇಳಿದೆ. ಶಾಂತವ್ವನಿಗೂ ಅದನ್ನೇ ಹೇಳಿದೆ. ನಿಜ ಏನೆಂದರೆ, ಕೀಲಿ ಒತ್ತಿದಾಗ ಆ ಕಡೆಯಿಂದ "ಅಣ್ಣಾ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಕೇಳಿಸಿದ ಮೇಲೆಯೇ ತಡೀರಿ ಅಂದಿದ್ದೆ. ಖಾದರಸಾಬರು ಹೇಳಿದ ನಾಲ್ಕನೆಯ ಕೆಲಸ ನನಗೆ ಅದೊಂದು ಮಾತಿನಲ್ಲಿ ಮಾತ್ರ ಬರಲಿಲ್ಲ.

ಮಾತು ಬಿಟ್ಟವರು ದಿನಾ ಮಾತಾಡಬೇಕಾದ ಪ್ರಸಂಗ ಹೇಗಿರುತ್ತದೆ ನೋಡಿರಿ. ಮರುವಾರದಿಂದ ಐದನೆಯ ಕಣ್ಣು ಎಂದಿನಂತೆ ದಿನಕ್ಕೆ ಎರಡು ಸಲ ಬೀಳತೊಡಗಿತು. "ಯಾರು?" ಎಂದು ನಾನು. "ಹಂಸಭಾವಿ ವಖಾರ. ಸಾವ್ಕಾರರಿಗೆ ಕೂಡಸ್ರಿ" ಎಂದು ಅವನು, ನಾನು ಯಾರೋ ಎಂಬಂತೆ. ಕೂಡಿಸುತ್ತಿದ್ದೆ. ಪೇಟೆಯಲ್ಲಿ ಇದರ ಮೇಲೆ ಚರ್ಚೆಯೂ ನಡೆಯಿತು. ಫೋನಿನಲ್ಲಿ ಆಡಿದ್ದು ಮಾತಾಗುತ್ತದೋ ಇಲ್ಲವೋ? ಮುಖ ಕಾಣದ ಮೇಲೆ ಅದು ಮಾತಲ್ಲ, ಬರೀ ತಂತಿ ಎಂದು ನಮ್ಮ ಹಿರಿಯ ಗುಮಾಸ್ತರು ತೀರ್ಪು ಕೊಟ್ಟರು. ಎಲ್ಲರೂ ಒಪ್ಪಿದರು. ಆ ಲೈನಿಗೆ ಮಾತ್ರ ನಾನು ತಡೀರಿ ಎನ್ನುವುದನ್ನು ಬಿಟ್ಟೆ. ತಡೆಯಬೇಕಾಗಿ ಬಂದಾಗ ಸುಮ್ಮನೆ ಇರುತ್ತಿದ್ದೆ. ಅವನೂ ಸುಮ್ಮನೆ ನಿಲ್ಲುತ್ತಿದ್ದ.

ಹೀಗೆ ಐದು ವರ್ಷ ಕಳೆದವು. ಒಂದು ಮಳೆಗಾಲದ ಬೆಳಿಗ್ಗೆ ಸಾಹುಕಾರರು ಯಾರೊಂದಿಗೋ ಉದ್ದಕ್ಕೆ ಮಾತಾಡುತ್ತಿದ್ದರು. ಹಂಸಭಾವಿ ತಡೆಯಲ್ಲಿತ್ತು. ಇದ್ದಾನೋ ಹೋದನೋ ನೋಡಲು ಕೀಲಿ ಒತ್ತಿದೆ. ಆ ಕಡೆ ತಗಡಿನ ಮೇಲೆ ಮಳೆ ಬೀಳುವ ಸಪ್ಪಳ. ಅದರ ನಡುವೆ ಬಸಪ್ಪನ ದನಿ:

"ಗೋಡೀ, ಅವ್ವ ಹಚ್ಚಿದ್ದ ನುಗ್ಗಿ ಗಿಡ ರಾತ್ರಿ ಗಾಳಿಗೆ ಬಿತ್ತು ನೋಡು."

ಅವನ ಹತ್ತಿರ ಯಾರೋ ಇರಬೇಕು ಎಂದುಕೊಂಡೆ. ವಖಾರದಲ್ಲಿ ಆ ಹೊತ್ತಿಗೆ ಅವನೊಬ್ಬನೇ ಇರುತ್ತಾನೆ ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೆ ಕೀಲಿಯ ಮೇಲಿನ ಬೆರಳನ್ನು ಎತ್ತಲು ಆಗಲಿಲ್ಲ.

ಅಂದಿನಿಂದ ತಡೆಯಲ್ಲಿಟ್ಟಾಗಲೆಲ್ಲ ಅವನು ತನ್ನ ಗೋಡೆಗೆ ಒಂದೆರಡು ಮಾತು ಹೇಳುತ್ತಿದ್ದ. ಎಮ್ಮೆ ಈಯಿತು. ಹೆಂಡತಿಗೆ ಜ್ವರ. ಗಂಗವ್ವ ತನಗಿಂತ ಒಂದು ಗೇಣು ಎತ್ತರ ಆದಳು. ನನ್ನ ಉತ್ತರ ಏನು ಅನ್ನುತ್ತೀರಿ? ಒಂದು ಕೆಮ್ಮು. ಕೇಳಿದೆ ಎಂಬುದಕ್ಕೆ ಒಂದು, ಸಂತೋಷವಾದರೆ ಎರಡು. ಗಂಡಸರ ಬುದ್ಧಿಗೆ ಅದಕ್ಕಿಂತ ಹೆಚ್ಚು ಹೊಳೆಯುವುದಿಲ್ಲ. ನನಗೂ ಒಂದು ಪೆಟ್ಟಿಗೆ ಇತ್ತಲ್ಲ. "ಪೆಟ್ಟಿಗೀ" ಎಂದು ಶುರು ಮಾಡಬಹುದಿತ್ತು. ಬಾಯಿ ತೆರೆದರೆ ಮೊದಲು ಆ "ಅಣ್ಣಾ" ಕೇಳಿಸಿತ್ತು ಎಂಬುದನ್ನೇ ಹೇಳಬೇಕಾಗುತ್ತದೆ ಎಂಬ ಹೆದರಿಕೆ. ಕೆಮ್ಮಿನಲ್ಲಿ ಆ ಭಯವಿಲ್ಲ. ಇನ್ನೊಂದು ಒಪ್ಪಿಕೊಳ್ಳುತ್ತೇನೆ: ಸಾಹುಕಾರರ ಮಾತು ಮುಗಿದ ಮೇಲೂ ಕೆಲವು ಸಲ ನಾನು ಕೂಡಲೇ ಕೂಡಿಸುತ್ತಿರಲಿಲ್ಲ. ನಾಲ್ಕು ಉಸಿರಿನಷ್ಟು ಹೊತ್ತು, ಅಷ್ಟೇ. ಆಫೀಸಿನಲ್ಲಿ ದಿನಕ್ಕೆ ಇಪ್ಪತ್ತು ಜನರ ದನಿ ನನ್ನ ಕಿವಿಯ ಮೂಲಕ ಹಾಯುತ್ತದೆ. ನನ್ನ ಸಲುವಾಗಿ ಬರುತ್ತಿದ್ದದ್ದು ಅದೊಂದು ನಾಲ್ಕು ಉಸಿರು.

ಹೋದ ತಿಂಗಳು ಗೋಡೆಗೆ ಸುದ್ದಿ ಹೋಯಿತು: "ಗೋಡೀ, ಗಂಗವ್ವನ ಲಗ್ನ ಗೊತ್ತಾತು." ಎರಡು ಸಲ ಕೆಮ್ಮಿದೆ. ಆಮೇಲೆ ಮೂರನೆಯದೂ ಬಂತು, ಅದು ಖರೆ ಕೆಮ್ಮು.

ಲಗ್ನಕ್ಕೆ ಕರೆಯುವ ರೀತಿ ನಿಮಗೆ ಗೊತ್ತೇ ಇದೆ. ಅಚ್ಚು ಹಾಕಿಸಿದ ಕಾರ್ಡು ಪೇಟೆಯವರಿಗೆ. ಬಳಗದವರನ್ನಾದರೆ ಮನೆಗೆ ಬಂದು, ಕುಂಕುಮದ ಅಕ್ಕಿಕಾಳು ಕೈಗೆ ಕೊಟ್ಟು, ಬಾಯಿಂದ ಕರೆಯಬೇಕು. ಕರೆಯದೆ ಹೋದವರನ್ನು ಊಟದ ಪಂಕ್ತಿಯಲ್ಲಿ ಜನ ನೋಡುವ ನೋಟ ಬೇರೆ. ಇನ್ನು ನಮ್ಮ ಮನೆತನದಲ್ಲಿ ಹುಡುಗಿಯ ತಲೆಯ ಮೇಲೆ ಮೊದಲ ಅಕ್ಕಿಕಾಳು ದೊಡ್ಡಪ್ಪನದು. ದೊಡ್ಡಪ್ಪ ಹಾಕಿದ ಮೇಲೆ ಉಳಿದವರು. ಬಸಪ್ಪ ಯಾವಾಗ ಬರುತ್ತಾನೆ ಎಂದು ಶಾಂತವ್ವ ದಿನಾ ಹೊಸ್ತಿಲು ಸಾರಿಸಿದಳು. ಬಾಯಲ್ಲಿ ಮಾತ್ರ "ಬರ್ಲಿ ನೋಡೋಣು, ಬಾಗಲಾ ತಗೀತೇನೇನು ನಾ?" ಎನ್ನುತ್ತಿದ್ದಳು.

ಹತ್ತು ದಿನದ ಹಿಂದೆ ಅವನು ಹಿರೇಕೆರೂರಿಗೆ ಬಂದ. ಆಫೀಸಿಗೆ ಬಂದ. ತಲೆ ನೆರೆತಿತ್ತು. ಅವನ ದನಿಗೆ ಮಾತ್ರ ವಯಸ್ಸಾಗಿರಲಿಲ್ಲ, ನಾನು ದಿನಾ ಕೇಳುತ್ತಿದ್ದದ್ದು ಅದನ್ನೇ ನೋಡಿರಿ. ನನ್ನ ಮುಂದಿನಿಂದಲೇ ಸಾಹುಕಾರರ ಕೋಣೆಗೆ ಹೋಗಿ ಅಕ್ಕಿಕಾಳು ಕೊಟ್ಟು ಕರೆದ. ಗುಮಾಸ್ತರಿಗೆ ಕೊಟ್ಟ. ಹೊರಗೆ ಹೋಗುವಾಗ ಪೆಟ್ಟಿಗೆಯ ಹತ್ತಿರ ನಿಂತ. ನಾನು ಕೈ ಚಾಚಲೋ ಬೇಡವೋ ಎಂದು ಮೇಜಿನ ಕೆಳಗೆ ಅಂಗೈ ಒರೆಸಿಕೊಂಡೆ. ಅವನು ನನ್ನ ಕಡೆ ನೋಡಲಿಲ್ಲ. ಒಂದು ಹಿಡಿ ಅಕ್ಕಿಕಾಳನ್ನು ಪೆಟ್ಟಿಗೆಯ ತಲೆಯ ಮೇಲಿಟ್ಟು, ಅದರ ಹಣೆಗೆ ಕುಂಕುಮ ಹಚ್ಚಿ, ಕೈ ಮುಗಿದ.

"ಗಂಗವ್ವನ ಲಗ್ನ. ವಖಾರದ ಅಂಗಳದಾಗ. ತಪ್ಪಸಬಾರ್ದು" ಎಂದು ಪೆಟ್ಟಿಗೆಗೆ ಹೇಳಿ ಹೋಗಿಬಿಟ್ಟ.

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ಏನೋ ಈರಪ್ಪಾ, ಆಯುಧಪೂಜಿ ಇನ್ನೂ ದೂರ ಐತಲ್ಲೋ?"

ಮನೆಗೆ ಬಂದು ಶಾಂತವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಯಾರಿಗೆ ಕರದ?"

"ಪೆಟ್ಟಿಗಿಗೆ."

"ಹಂಗಾದ್ರ ಪೆಟ್ಟಿಗಿ ಹೋಗ್ಲಿ. ನಾನೂ ನೀವೂ ಮನ್ಯಾಗ ಇರೋಣು."

ಅವಳ ಮಾತು ಕಟುವಾಗಿತ್ತು, ಆದರೆ ತಪ್ಪೂ ಆಗಿರಲಿಲ್ಲ. ಕರೆದನೋ ಕರೆಯಲಿಲ್ಲವೋ? ಹತ್ತು ದಿನ ಇದೇ ಯೋಚನೆ. ಆ ಅಕ್ಕಿಕಾಳನ್ನು ಮುಟ್ಟಲಿಲ್ಲ. ಪೆಟ್ಟಿಗೆ ಒರೆಸುವಾಗ ತಲೆಯ ಭಾಗ ಬಿಟ್ಟು ಒರೆಸುತ್ತಿದ್ದೆ. ನಿನ್ನೆ ಸಾಹುಕಾರರು ಕೇಳಿದರು: "ನಾಳಿ ಎಲ್ಲಾರೂ ಮೋಟಾರಿನ್ಯಾಗ ಹೊಂಟೇವಿ. ನೀ ಬರಾಂವೋ ಇಲ್ಲೋ?"

"ಪೆಟ್ಟಿಗಿ ಮುಂದ ಯಾರರ ಇರ್ಬೇಕಲ್ರಿ ಸಾವ್ಕಾರ್ರ. ಟ್ರಂಕ್ ಬಂದ್ರ?" ಅಂದೆ.

ಅವರು ಒಂದು ಗಳಿಗೆ ನನ್ನನ್ನು ನೋಡಿ, "ಖರೆ ಅದ" ಎಂದರು. ಅವ್ವನ ದಿನ ನನ್ನನ್ನು ಹಿಡಿದು ಕೂರಿಸಿದ ನೆವವೇ ಲಗ್ನದ ದಿನಕ್ಕೂ ಒದಗಿ ಬಂತು.

ಹಾಗಾಗಿ ಇವತ್ತು ಆಫೀಸಿನಲ್ಲಿ ನಾನೊಬ್ಬನೇ. ಗಡಿಯಾರ, ನಾನು, ಪೆಟ್ಟಿಗೆ. ಮುಹೂರ್ತ ಹನ್ನೊಂದೂಕಾಲಿಗೆ. ಹತ್ತಕ್ಕೆ ಹುರಿಗೆ ದಾರ ಸುತ್ತಿದೆ. ಹತ್ತೂವರೆಗೆ ನೀರು ಕುಡಿದೆ. ಹತ್ತೂಮುಕ್ಕಾಲಿಗೆ ಮತ್ತೆ ಕುಡಿದೆ, ಬಾಯಾರಿರಲಿಲ್ಲ. ಹನ್ನೊಂದು ಹೊಡೆದು ಸ್ವಲ್ಪ ಹೊತ್ತಿಗೆ ಐದನೆಯ ಕಣ್ಣು ಟಪ್ ಎಂದು ಬಿತ್ತು.

"ಯಾರು?"

ಕೊಳವೆಯನ್ನು ಎಲ್ಲೋ ಇಟ್ಟ ಸಪ್ಪಳ; ಮರದ ಮೇಲೆ, ಬಹುಶಃ ಕಿಡಕಿಯ ಕಟ್ಟೆಯ ಮೇಲೆ. ಆಮೇಲೆ ದೂರದಿಂದ ಸನಾದಿ. ಹೆಣ್ಣುಮಕ್ಕಳ ಗದ್ದಲ. ಯಾರೋ "ಹುಡುಗೀನ ಕರಕೊಂಡು ಬರ್ರೆವ್ವಾ, ಹೊತ್ತಾತು" ಎಂದು ಕೂಗಿದರು. ಬಳೆಗಳ ಸಪ್ಪಳ ಕಿಡಕಿಯ ಹತ್ತಿರವೇ ಹಾಯ್ದು ಹೋಯಿತು. ಗಂಗವ್ವನೇ ಇರಬೇಕು.

ಇಷ್ಟು ವರ್ಷ ನಾನು ಜನರನ್ನು ತಡೆದು ಇಟ್ಟೆ. ಇವತ್ತು ನನ್ನನ್ನು ತಡೆದು ಇಟ್ಟವನು ಬಸಪ್ಪ. ಮಾತಿಲ್ಲ, ಕರೆಯಿಲ್ಲ, ತೆರೆದ ಲೈನು ಮಾತ್ರ. ಎದ್ದು ನಿಂತೆ. ಲಗ್ನದಲ್ಲಿ ಮುಹೂರ್ತಕ್ಕೆ ಎಲ್ಲರೂ ನಿಲ್ಲುತ್ತಾರಲ್ಲ, ಹಾಗೆ. ಚಪ್ಪಲಿ ಬಿಟ್ಟೆ. ಹಿಂದೆ ಪೇಟೆಯ ಜನ ಬಿಡುವಾಗ ನಾನು ನಕ್ಕಿದ್ದೆ.

ಮಂಗಳಾಷ್ಟಕ ಶುರುವಾಯಿತು. ಒಂದು ಮುಗಿಯಿತು, ಎರಡು ಮುಗಿಯಿತು. ಪೆಟ್ಟಿಗೆಯ ತಲೆಯ ಮೇಲಿನ ಅಕ್ಕಿಕಾಳನ್ನು ಬಲಗೈಗೆ ತೆಗೆದುಕೊಂಡೆ. ಆಗ ಮೊದಲನೆಯ ಕಣ್ಣು ಬಿತ್ತು.

ಮುಷ್ಟಿಯಲ್ಲಿ ಅಕ್ಕಿ ಹಿಡಿದು ಎಡಗೈಯಿಂದ ಕಡ್ಡಿ ಚುಚ್ಚಿದೆ. ಐದನೆಯದರ ಕೀಲಿ ಎತ್ತಲು ಮೂರನೆಯ ಕೈ ಇರಲಿಲ್ಲ. ಎರಡೂ ಕೀಲಿ ಒತ್ತಿದ ಹಾಗೇ ಇದ್ದವು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿತ್ತು.

"ಹಾವೇರಿ. ಟ್ರಂಕ್ ಐತ್ರಿ, ಮುಂಬೈ. ಜಲ್ದಿ ಕೂಡಸ್ರಿ."

"ತಡೀರಿ" ಅಂದೆ.

"ಏನ್ ತಡಿಯೋದ್ರಿ? ಮುಂಬೈ ಅಂದ್ನೆಲ್ರಿ!"

"ಕೇಳಿಸ್ತ್ರಿ. ಮುಂಬೈಗೆ ತಡಿಯಾಕ ಹೇಳ್ರಿ. ನಮ್ಮ ಹುಡುಗಿ ಲಗ್ನ ಐತಿ."

ಆ ಕಡೆ ಏನು ಹೇಳಿದರೋ ಗೊತ್ತಾಗಲಿಲ್ಲ, ಏಕೆಂದರೆ ಅದೇ ಗಳಿಗೆಗೆ ಹಂಸಭಾವಿಯಲ್ಲಿ "ಸಾವಧಾನ" ಎಂದು ಕೂಗಿದರು. ಸನಾದಿ ಒಮ್ಮೆಲೇ ಎದ್ದಿತು. ನಾನು ಕಣ್ಣು ಮುಚ್ಚಿ, ಆ ಹುಡುಗಿಯ ತಲೆ ಎಷ್ಟು ಎತ್ತರದಲ್ಲಿರಬಹುದು ಎಂದು ಅಂದಾಜು ಮಾಡಿ, ಅಕ್ಕಿಕಾಳನ್ನು ಪೆಟ್ಟಿಗೆಯ ಮೇಲೆ ಎರಚಿದೆ. ಮಾತಾಡುವ ಕೊಳವೆಯ ಬಾಯಿಗೆ, ಹಿತ್ತಾಳೆ ರೆಪ್ಪೆಗಳಿಗೆ, ತೂತುಗಳಿಗೆ ಚಿಟಪಟ ಎಂದು ಬಡಿದವು. ಆ ಖಾಲಿ ಆಫೀಸಿನಲ್ಲಿ ಆ ಸಪ್ಪಳ ಎಷ್ಟು ದೊಡ್ಡದಾಗಿತ್ತು ಎಂದರೆ ನನಗೇ ನಾಚಿಕೆಯಾಯಿತು.

ವಾದ್ಯ ಇಳಿಯಿತು. ಕೊಳವೆಯನ್ನು ಯಾರೋ ಎತ್ತಿಕೊಂಡರು. ಉಸಿರು ಕೇಳಿಸಿತು. ಆ ಉಸಿರು ನನಗೆ ಕೌದಿಯೊಳಗಿನಿಂದ ಪರಿಚಯ.

"ಗೋಡೀ" ಎಂದ ಬಸಪ್ಪ. "ಅಕ್ಕಿಕಾಳು ಮುಟ್ಟಿದ್ವು ಅಂತ ಹೇಳು. ಕೊಳವ್ಯಾಗ ಚಿಟಪಟ ಕೇಳಸೂತನಕ ನಾ ಎಲ್ಲಾರನೂ ನಿಂದ್ರಸಿದ್ದೆ. ಮೊದಲ ಆ ಕಾಳ ಬಿದ್ವು."

ಕೆಮ್ಮಲು ನೋಡಿದೆ. ಬರಲಿಲ್ಲ.

"ಪೆಟ್ಟಿಗೀ" ಎಂದು ಶುರು ಮಾಡಿದೆ. ಎಂಟು ವರ್ಷದ ಆ ಮಾತನ್ನು ಈಗ ಹೇಳಿಬಿಡಲು ಹೊರಟೆ. "ಪೆಟ್ಟಿಗೀ, ಅವತ್ತ ನನಗ…"

"ಗೋಡೀ, ಗೊತ್ತೈತಿ ಅಂತ ಹೇಳು" ಎಂದ ಅವನು. "ಇವತ್ತ ಬ್ಯಾಡ. ಮಂದಿ ಊಟಕ್ಕ ಕುಂತಾರ." ಇಟ್ಟುಬಿಟ್ಟ.

ಹಾವೇರಿಯವರು ಆಗಲೇ ಹೋಗಿದ್ದರು. ಮುಂಬೈ ಮತ್ತೆ ಕರೆಯಲಿಲ್ಲ. ನಾಳೆ ಸಾಹುಕಾರರಿಗೆ ಇದಕ್ಕೆ ಉತ್ತರ ಕೊಡಬೇಕು. ಏನು ಹೇಳುವುದು ಎಂದು ಯೋಚಿಸುತ್ತ ಸೂಜಿ ಹಿಡಿದು ಅಕ್ಕಿಕಾಳು ತೆಗೆಯುತ್ತ ಕೂತೆ. ಇದ್ದದ್ದನ್ನೇ ಹೇಳುವುದು ಎಂದು ಒಂಬತ್ತನೆಯ ಕಾಳಿಗೆ ನಿಶ್ಚಯವಾಯಿತು.

ಸಂಜೆ ಮೋಟಾರು ಮರಳಿತು. ಸಾಹುಕಾರರನ್ನು ಮನೆಗೆ ಬಿಟ್ಟು ಡ್ರೈವರ ಆಫೀಸಿಗೆ ಬಂದ. ಕೈಯಲ್ಲಿ ಬಿಳಿ ಅರಿವೆಯ ಗಂಟು.

"ಬಸಪ್ಪನೋರು ಕೊಟ್ಟಾರ್ರಿ."

"ಯಾರಿಗಂತ?"

ಅವನು ತಲೆ ಕೆರೆದುಕೊಂಡ. "ಪೆಟ್ಟಿಗಿಗಂತ. ಎರಡು ಸಲ ಕೇಳಿದೆ, ಪೆಟ್ಟಿಗಿಗೇ ಅಂದ್ರು. ಯಪ್ಪಾ, ಪೆಟ್ಟಿಗಿ ಹೋಳಿಗಿ ತಿಂತೈತೇನ್ರಿ?"

"ಒಮ್ಮೊಮ್ಮೆ ತಿಂತೈತಿ" ಅಂದೆ.

ದೊಡ್ಡ ಲೈನನ್ನು ಸಾಹುಕಾರರ ಮನೆಗೆ ಕೂಡಿಸಿ, ಬಾಗಿಲು ಹಾಕಿಕೊಂಡು ಮನೆಗೆ ಬಂದೆ. ಶಾಂತವ್ವ ಗಂಟು ನೋಡಿದಳು. ನಾನೇ ಎಲ್ಲ ಹೇಳಿದೆ. ಆ "ಅಣ್ಣಾ" ಕೇಳಿಸಿದ್ದನ್ನೂ ಹೇಳಿದೆ. ಅವಳು ಒಲೆಯ ಬೂದಿ ಕೆದರಿದಳು. "ನನಗರ ಹೇಳಬೇಕಿತ್ತು" ಎಂದಳು, ಅಷ್ಟೇ. ಆಮೇಲೆ ಗಂಟು ಬಿಚ್ಚಿದಳು. ಸಕ್ಕರೆ ಇನ್ನೂ ರೇಷನ್ ಚೀಟಿಯ ಮೇಲೆ ಇರುವುದರಿಂದ ಬೆಲ್ಲದ ಹೋಳಿಗೆ. ಐದು ಇದ್ದವು, ಕಣ್ಣಿಗೊಂದರಂತೆ.

ಉಂಡದ್ದು: ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ, ನಾನು ಎರಡು ಹೋಳಿಗೆ. ಶಾಂತವ್ವ ಬೇಡ ಬೇಡ ಎನ್ನುತ್ತ ನಿಂತುಕೊಂಡೇ ಒಂದು ತಿಂದಳು. ಉಳಿದ ಎರಡನ್ನು ಬಟ್ಟಲು ಮುಚ್ಚಿ ಇಟ್ಟಿದ್ದಾಳೆ. ಇನ್ನೂ ಎಂಟು ಹೊಡೆದಿಲ್ಲ, ಆಗಲೇ ಹಾಸಿಗೆ ಹಾಸಿ ಆ ಕಡೆ ಮಗ್ಗುಲಾದಳು. ಸ್ವಲ್ಪ ಹೊತ್ತು ಬಿಟ್ಟು, ಗೋಡೆಯ ಕಡೆ ಮುಖ ಮಾಡಿಯೇ, "ಗೋಡೀ, ಹೂರಣಕ್ಕ ಯಾಲಕ್ಕಿ ಕಡಿಮಿ ಬಿದ್ದೇತಿ. ನಾಳಿ ಅವಂಗ ಹೇಳ್ರಿ ಅಂತ ಹೇಳು" ಎಂದಳು. ನಾನು ಕೆಮ್ಮಿದೆ. ದಿನಾ ಮೊದಲು ಮಲಗುವವನು ನಾನು, ಇವತ್ತು ಮೊದಲು ಮಲಗಿದವಳು ಅವಳೇ.